ಬಲಗಿವಿಯ ಕಡೆಯ ಸ್ಪೀಕರ್

ಅವನು ನನ್ನ ಜೊತೆ ಆಡಿದ ಮೊದಲ ಮಾತು ಒಂದು ಬೈಗುಳ. ಡಬ್ಲಿನ್ನಿನ ಒಂದು ಪಬ್ಬಿನ ಹಿಂದಿನ ಕೋಣೆ, ಭಾನುವಾರ ಮಧ್ಯಾಹ್ನ. ಆಫೀಸಿನ ಗೆಳೆಯನೊಬ್ಬ ಸುಮ್ಮನೆ ಬಾ ಅಂತ ಎಳೆದುಕೊಂಡು ಹೋಗಿದ್ದ. ಸ್ಟೇಜಿನ ಮೇಲೆ ನಲವತ್ತು ದಾಟಿದ, ಬೋಳುತಲೆಯ, ದಪ್ಪ ಕುತ್ತಿಗೆಯ ಬೋಸ್ನಿಯಾದವನೊಬ್ಬ ರ‍್ಯಾಪ್ ಹಾಡುತ್ತಿದ್ದ. ಹಾಡು ಅನ್ನುವುದಕ್ಕಿಂತ ಯಾರದೋ ಕಾಲರ್ ಹಿಡಿದು ಜಗಳಕ್ಕೆ ನಿಂತ ಹಾಗಿತ್ತು. ನಡುವೆ ಮೈಕು ಕುಂಯ್ ಅಂತ ಕೂಗಿಕೊಂಡಿತು. ಸೌಂಡ್ ನೋಡಿಕೊಳ್ಳಬೇಕಿದ್ದವನು ಸಿಗರೇಟಿಗೆ ಹೋಗಿದ್ದ. ಮಿಕ್ಸರ್ ಪಕ್ಕದಲ್ಲೇ ನಿಂತಿದ್ದ ನಾನು ತಡೆಯಲಾರದೆ ಕೈ ಹಾಕಿ, ಅವನ ಕಾಲ ಬಳಿಯ ಸ್ಪೀಕರಿನ ದನಿ ಇಳಿಸಿದೆ. ಕೂಗು ನಿಂತಿತು. ಅವನು ಹಾಡು ನಿಲ್ಲಿಸಿ, ನನ್ನ ಕಡೆ ಬೆರಳು ಚಾಚಿ, ತನ್ನ ಭಾಷೆಯಲ್ಲಿ ನನ್ನ ತಾಯಿಯನ್ನು ಎಳೆದುತಂದು ಬೈದ. ಭಾಷೆ ಬರದಿದ್ದರೂ ಅಂಥ ಬೈಗುಳ ಯಾರಿಗಾದರೂ ತಿಳಿಯುತ್ತದೆ.

ಕಾರ್ಯಕ್ರಮ ಮುಗಿದ ಮೇಲೆ ಅವನೇ ಹುಡುಕಿಕೊಂಡು ಬಂದ. ಪಕ್ಕಾ ಡಬ್ಲಿನ್ ಉಚ್ಚಾರದ ಇಂಗ್ಲಿಷು.

"ನನಗೆ ಎಡಗಿವಿ ಕೇಳಿಸಲ್ಲ. ಬಲಗಡೆ ಸ್ಪೀಕರ್ ಇಳಿಸಿದರೆ ನನ್ನ ದನಿ ನನಗೇ ಸಿಗಲ್ಲ. ಇನ್ನೊಂದು ಸಲ ಮುಟ್ಟಿದರೆ ಕೈ ಮುರೀತೀನಿ."

"ಇಳಿಸದಿದ್ದರೆ ಜನ ಎದ್ದು ಹೋಗ್ತಿದ್ರು," ಅಂದೆ.

ಅವನು ಮಿಕ್ಸರ್ ಕಡೆ ಬಗ್ಗಿ ನೋಡಿದ. "ಯಾರು ಕಲಿಸಿದ್ದು ನಿನಗೆ ಇದನ್ನ?"

ನಮ್ಮಪ್ಪ. ಬೆಂಗಳೂರಿನ ಶ್ರೀರಾಮಪುರದಲ್ಲಿ ನಮ್ಮಪ್ಪನದು ಮೈಕ್‌ಸೆಟ್ ಅಂಗಡಿ. ಗಣೇಶನ ಪೆಂಡಾಲು, ರಾಜ್ಯೋತ್ಸವದ ಆರ್ಕೆಸ್ಟ್ರಾ, ಎಲೆಕ್ಷನ್ ಭಾಷಣ, ಎಲ್ಲದಕ್ಕೂ ನಮ್ಮದೇ ಆಂಪ್ಲಿಫೈಯರು. ಕಾಲೇಜಿಗೆ ಹೋಗುವವರೆಗೂ ನಾನು ಶನಿವಾರ ಭಾನುವಾರ ಕಳೆದದ್ದು ಸ್ಟೇಜಿನ ಪಕ್ಕದಲ್ಲಿ ವೈರ್ ಸುತ್ತುತ್ತ. ಆರ್ಕೆಸ್ಟ್ರಾದಲ್ಲಿ ಒಂದು ಹಾಡಿಗಾಗಿ ಎರಡು ಬೀದಿಯ ಹುಡುಗರು ಕುರ್ಚಿ ಎತ್ತಿ ಹೊಡೆದಾಡಿದ್ದು, ಸಿಂಗರಿನ ಕಣ್ಣೆದುರೇ ಒಬ್ಬನ ಹೊಟ್ಟೆಗೆ ಚಾಕು ಹೋದದ್ದು ನೋಡಿದ್ದೇನೆ. ಅಪ್ಪ ಹೇಳುತ್ತಿದ್ದದ್ದು ಇಷ್ಟೇ: ಜನರ ಕೈಗೆ ಕುರ್ಚಿ ಬಂತು ಅಂದರೆ ಮೊದಲು ಮೈಕ್ ಆಫ್ ಮಾಡು, ಆಮೇಲೆ ನಿನ್ನ ಜೀವ ನೋಡಿಕೋ.

ಇದನ್ನೆಲ್ಲ ಅವನಿಗೆ ಹೇಳಿದೆ. ಚಾಕುವಿನ ಮಾತು ಬಂದಾಗ ನಕ್ಕ. ಅವನ ಮನೆಯೂ ಡಬ್ಲಿನ್ ಹೊರವಲಯದ ಸ್ವೋರ್ಡ್ಸ್‌ನಲ್ಲೇ, ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರ ಅಂತ ಗೊತ್ತಾಯಿತು. ಮುಂದಿನ ಕಾರ್ಯಕ್ರಮದಿಂದ ಅವನ ಸೌಂಡ್ ನಾನು ನೋಡಿಕೊಂಡೆ. ವಾರವಿಡೀ ಆಫೀಸಿನಲ್ಲಿ ಕೋಡ್ ಬರೆಯುತ್ತಿದ್ದವನಿಗೆ ಮತ್ತೆ ವೈರ್ ಸುತ್ತುವುದು ಹಿತವಾಗಿತ್ತು.

ಅವನು ವಿಮಾನ ನಿಲ್ದಾಣದಲ್ಲಿ ವಿಮಾನದ ಹೊಟ್ಟೆಗೆ ಸೂಟ್‌ಕೇಸ್ ತುಂಬುವ ಕೆಲಸ ಮಾಡುತ್ತಿದ್ದ. ಮನೆಯಲ್ಲಿ ತಾಯಿ, ಮಗ ಇಬ್ಬರೇ. ತಾಯಿಯನ್ನು ನಾನು ಆಂಟಿ ಅನ್ನುತ್ತಿದ್ದೆ. ಸಣ್ಣ ತಾಮ್ರದ ಪಾತ್ರೆಯಲ್ಲಿ ಕಪ್ಪು ಕಾಫಿ ಕುದಿಸಿ ತಂದು ಎದುರಿಗಿಟ್ಟು, ನಾನು ಕುಡಿಯುವವರೆಗೂ ಕದಲದೆ ನೋಡುತ್ತಿದ್ದರು. ಅವನ ಕಿವಿಯ ಕಥೆ ನನಗೆ ಗೊತ್ತಾದದ್ದು ಆ ಅಡುಗೆಮನೆಯಲ್ಲೇ.

ಬೋಸ್ನಿಯಾದಲ್ಲಿ ಯುದ್ಧದ ಕಾಲ, ಅವನಿಗೆ ಆಗ ಹತ್ತು ವರ್ಷ. ಊರಿನ ಸುತ್ತಲ ಬೆಟ್ಟಗಳ ಮೇಲೆ ಶತ್ರುಗಳು ಫಿರಂಗಿ ಇಟ್ಟುಕೊಂಡು ಕೂತಿದ್ದರು. ನಲ್ಲಿ ನಿಂತುಹೋಗಿತ್ತು, ಬೆಟ್ಟದ ಬುಡದ ಒಂದು ಪೈಪಿನಲ್ಲಿ ಮಾತ್ರ ನೀರು. ಅಪ್ಪನ ಜೊತೆ ಕ್ಯಾನ್ ಹಿಡಿದು ಸಾಲಿನಲ್ಲಿ ನಿಂತಿದ್ದ. ಶೆಲ್ ಬಿದ್ದದ್ದು ಸಾಲಿನ ಮಧ್ಯಕ್ಕೆ. ಕಣ್ಣು ಬಿಟ್ಟಾಗ ಅಪ್ಪನಿಗೆ ಸೊಂಟದಿಂದ ಕೆಳಗೆ ಏನೂ ಇರಲಿಲ್ಲ. ಅಪ್ಪನ ಬಾಯಿ ಮಾತ್ರ ಆಡುತ್ತಿತ್ತು, ಏನು ಹೇಳಿದರೋ ಕೇಳಿಸಲಿಲ್ಲ. ಕ್ಯಾನಿಗೆ ತೂತು ಬಿದ್ದು ನೀರೆಲ್ಲ ಅಪ್ಪನ ಮೇಲೆ ಹರಿಯುತ್ತಿತ್ತು, ಅದನ್ನು ಬೆರಳಿನಿಂದ ಮುಚ್ಚಲು ನೋಡುತ್ತಿದ್ದನಂತೆ ಇವನು.

"ನಾನು ಕಿರುಚ್ತಾ ಇದ್ದೆ ಅಂತ ಆಮೇಲೆ ಓಡಿ ಬಂದ ಅಮ್ಮ ಹೇಳ್ತಾಳೆ," ಅಂದ. "ನನ್ನ ಕಿರುಚಾಟ ನನಗೆ ಕೇಳಿಸಿಲ್ಲ. ಅದಕ್ಕೇ ಈಗ ಜೋರಾಗಿ ಬೇಕು."

ಆಂಟಿ ಕಾಫಿ ಬಟ್ಟಲು ತೊಳೆಯುತ್ತಿದ್ದರು. ನಲ್ಲಿಯನ್ನು ಇನ್ನೂ ಜೋರಾಗಿ ಬಿಟ್ಟರು.

ಮರುವರ್ಷ ಇಬ್ಬರೂ ನಿರಾಶ್ರಿತರಾಗಿ ಐರ್ಲೆಂಡಿಗೆ ಬಂದರು. ಶಾಲೆಯಲ್ಲಿ ಹುಡುಗರು ಅವನ ಕಿವುಡು ಕಿವಿಯ ಕಡೆಯಿಂದಲೇ ಬಂದು ಹೊಡೆಯುತ್ತಿದ್ದರು. ಒಂದು ದಿನ ಒಬ್ಬನ ಕಿವಿಯನ್ನೇ ಕಚ್ಚಿದ. ಆಮೇಲೆ ಯಾರೂ ಹತ್ತಿರ ಬರಲಿಲ್ಲ, ಸ್ನೇಹಕ್ಕೂ ಬರಲಿಲ್ಲ. ರ‍್ಯಾಪ್ ಹಿಡಿದದ್ದು ಆಗ. ಮೊದಲು ಇಂಗ್ಲಿಷಿನಲ್ಲಿ, ಆಮೇಲೆ ಬೋಸ್ನಿಯಾದ ಭಾಷೆಯಲ್ಲಿ. ಮಲಗುವ ಕೋಣೆಯಲ್ಲಿ ಮಾಡಿದ ರೆಕಾರ್ಡಿಂಗ್ ಅವನ ದೇಶದಲ್ಲಿ ಕೈಯಿಂದ ಕೈಗೆ ಹೋಯಿತು. ಇಪ್ಪತ್ತೈದರ ಒಳಗೆ ಅಲ್ಲಿನ ಹುಡುಗರಿಗೆಲ್ಲ ಅವನ ಹಾಡು ಬಾಯಿಪಾಠ. ಕರೆದರು, ಹೋದ. ದೊಡ್ಡ ದೊಡ್ಡ ಹಾಲ್‌ಗಳಲ್ಲಿ ಹಾಡಿದ. ಟಿವಿಯಲ್ಲೂ ಬಂದ.

ಬೆಟ್ಟದ ಮೇಲಿಂದ ಶೆಲ್ ಹಾರಿಸುತ್ತಿದ್ದವರಲ್ಲಿ ಒಬ್ಬ ಯುದ್ಧ ಮುಗಿದ ಮೇಲೆ ಅದೇ ಊರಿಗೆ ಇಳಿದು ಬಂದು ಪೆಟ್ರೋಲ್ ಬಂಕ್ ಇಟ್ಟಿದ್ದ. ಊರಿಗೆಲ್ಲ ಗೊತ್ತು, ಯಾರೂ ಬಾಯಿ ಬಿಡುತ್ತಿರಲಿಲ್ಲ. ಇವನು ಅದರ ಮೇಲೆ ಹಾಡು ಕಟ್ಟಿದ. ಹೆಸರು ಹಾಕಲಿಲ್ಲ, ಬಂಕಿನ ಬಣ್ಣ ಹೇಳಿದ. ಅಷ್ಟು ಸಾಕಾಯಿತು. ಅದೇ ಊರಿನ ಹೊರಗೆ ಒಂದು ಸಂಜೆ ನಾಲ್ಕು ಜನ ಅವನನ್ನು ಕಾರಿನ ಹತ್ತಿರ ಹಿಡಿದುಕೊಂಡರು. ಬಂಕಿನವನೂ ಇದ್ದ. ಬಲಗೈಯನ್ನು ಬಾಗಿಲ ಸಂದಿಗಿಟ್ಟು ಬಾಗಿಲು ಹಾಕಿದರು. ತೆಗೆದರು. ಮತ್ತೆ ಹಾಕಿದರು.

"ನೋವಿಗಿಂತ ಆ ಸದ್ದು," ಅಂದ. "ಬಲಗಿವಿಗೆ ಚೆನ್ನಾಗಿ ಕೇಳಿಸ್ತು."

ಡಬ್ಲಿನ್ನಿಗೆ ವಾಪಸ್ ಬಂದು ಹಾಡುವುದನ್ನು ಬಿಟ್ಟ. ಸೊಟ್ಟಗಾದ ಬೆರಳುಗಳಲ್ಲೇ ಸೂಟ್‌ಕೇಸ್ ಎತ್ತುತ್ತ ಹತ್ತಾರು ವರ್ಷ ಕಳೆದ. ಕೊನೆಗೆ ಮತ್ತೆ ಹಾಡಿಗೆ ದೂಡಿದ್ದು ತಾಯಿ. "ಮನೆಯಲ್ಲಿ ನೀನು ಹೀಗೆ ಸುಮ್ಮನೆ ಕೂತಿದ್ದರೆ ನನಗೆ ಭಯವಾಗುತ್ತೆ, ಹೊರಗೆ ಹೋಗಿ ಕಿರುಚು," ಅಂದರಂತೆ. ನಾನು ಅವನನ್ನು ಪಬ್ಬಿನಲ್ಲಿ ನೋಡಿದ್ದು ಅವನು ಹಾಗೆ ಹೊರಗೆ ಬಂದ ಹೊಸತರಲ್ಲಿ.

ಇನ್ನು ನನ್ನ ಕೆನ್ನೆಯ ಮೂಳೆ ಮುರಿದ ವಿಷಯ.

ಕಳೆದ ವರ್ಷದ ಬೇಸಿಗೆ. ಇಲ್ಲಿ ಬೇಸಿಗೆಯಲ್ಲಿ ರಾತ್ರಿ ಊಟದ ಹೊತ್ತು ದಾಟಿದರೂ ಬೆಳಕಿರುತ್ತದೆ. ಅವನ ಮನೆಯಲ್ಲಿ ಪ್ರಾಕ್ಟೀಸ್ ಮುಗಿಸಿ, ಮಿಕ್ಸರನ್ನು ಚೀಲದಲ್ಲಿ ಹೆಗಲಿಗೆ ಹಾಕಿಕೊಂಡು ಪಾರ್ಕಿನ ಪಕ್ಕದ ದಾರಿಯಲ್ಲಿ ಬರುತ್ತಿದ್ದೆ. ಎದುರಿಗೆ ಒಂದಷ್ಟು ಹುಡುಗರು, ಹದಿನಾರು ಹದಿನೇಳರವರು. ಅವರಲ್ಲೊಬ್ಬನ ಹುಬ್ಬಿನಲ್ಲಿ ಎರಡು ಗೆರೆ ಬೋಳಿಸಿತ್ತು. ಚೀಲದಲ್ಲಿ ಏನಿದೆ ಅಂತ ಕೇಳಿದ. ಸೌಂಡ್ ಸಾಮಾನು ಅಂದೆ. ನಿನ್ನ ದೇಶಕ್ಕೆ ಹೋಗು ಅಂದ. ನಾನು ಪಕ್ಕಕ್ಕೆ ಸರಿದೆ. ಮೊದಲ ಏಟು ಬಿದ್ದದ್ದು ಕಣ್ಣಿನ ಕೆಳಗೆ. ಒಳಗೆ ಏನೋ ಹಪ್ಪಳ ಮುರಿದ ಹಾಗೆ ಸದ್ದಾಯಿತು. ಬಿದ್ದೆ. ಆಮೇಲೆ ಬೂಟುಗಾಲು, ಪಕ್ಕೆಗೆ, ಬೆನ್ನಿಗೆ, ತಲೆಗೆ. ಒಬ್ಬ ಮಿಕ್ಸರನ್ನು ಎತ್ತಿ ಫುಟ್‌ಪಾತಿನ ಅಂಚಿಗೆ ಕುಕ್ಕಿದ. ಅದರ ಗುಂಡಿಗಳು ನನ್ನ ಮುಖದ ಮುಂದೆಯೇ ಉರುಳಿ ಹೋದವು. ಅಷ್ಟರಲ್ಲಿ ಕಾರಿನಲ್ಲಿ ಬಂದ ಹೆಂಗಸೊಬ್ಬಳು ಗಾಡಿ ನಿಲ್ಲಿಸಿ, ಇಳಿಯದೆ, ಹಾರನ್ ಒತ್ತಿ ಹಿಡಿದಳು. ಬಿಡಲೇ ಇಲ್ಲ. ಆ ಸದ್ದಿಗೆ ಅವರು ಓಡಿದರು.

ಆಸ್ಪತ್ರೆಯಲ್ಲಿ ಕೆನ್ನೆಯ ಮೂಳೆಗೆ ಪ್ಲೇಟ್ ಹಾಕಿದರು. ಇಲ್ಲೇ ಹುಟ್ಟಿದ ನನ್ನ ಮಗಳು ಹಾಸಿಗೆಯ ಹತ್ತಿರ ಬರಲು ಹೆದರಿ ಬಾಗಿಲಲ್ಲೇ ನಿಂತಳು. "ಡಸ್ ಇಟ್ ಹರ್ಟ್, ಡ್ಯಾಡಿ?" ಅಂದಳು.

"ಇಲ್ಲ ಕಣೇ, ಬಾ ಇಲ್ಲಿ," ಅಂದೆ.

"ಯು ಡೋಂಟ್ ಲುಕ್ ಲೈಕ್ ಯೂ," ಅಂದಳು. ಬರಲಿಲ್ಲ.

ಪೊಲೀಸರು, ಇಲ್ಲಿ ಗಾರ್ಡಾ ಅನ್ನುತ್ತಾರೆ, ಬಂದು ಹೇಳಿಕೆ ಬರೆದುಕೊಂಡರು. ಬೋಸ್ನಿಯಾದ ಗೆಳೆಯನೂ ಬಂದ. ಕುರ್ಚಿ ಎಳೆದುಕೊಂಡು ಕೂತು, ಯಾವ ಕಡೆಯಿಂದ ಹೊಡೆದರು, ಎಷ್ಟು ಜನ, ಮುಖ ಹೇಗಿತ್ತು ಅಂತ ಮೆಲ್ಲಗೆ ಕೇಳಿದ. ಅವನು ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಅವನು ಹೋದ ಮೇಲೆ ನನ್ನ ಹೆಂಡತಿ, "ರೀ, ಇವನ ಕಣ್ಣು ನಂಗೆ ಸರಿ ಕಾಣ್ತಿಲ್ಲ. ಏನೂ ಮಾಡಬೇಡ ಅಂತ ಹೇಳ್ರಿ ಅವನಿಗೆ," ಅಂದಳು. ಫೋನಿನಲ್ಲಿ ಹೇಳಿದೆ. "ಗ್ರ್ಯಾಂಡ್, ಗ್ರ್ಯಾಂಡ್," ಅಂದ. ಆಯ್ತು ಬಿಡು ಅನ್ನುವ ಹಾಗೆ, ಇಲ್ಲಿ ಯಾವ ಮಾತಿಗೂ ಅದೇ ಉತ್ತರ.

ಊತ ಇಳಿದ ಮೇಲೆ ಒಂದು ಮಧ್ಯಾಹ್ನ ಹೊಸ ವೈರ್ ತರೋಣ ಅಂತ ನಾನೂ ಅವನೂ ಹೊರಟೆವು. ಬಸ್ ಸ್ಟಾಪಿನಲ್ಲಿ ಆ ಹುಬ್ಬಿನ ಹುಡುಗ ಒಬ್ಬನೇ ಚಿಪ್ಸ್ ತಿನ್ನುತ್ತ ನಿಂತಿದ್ದ. ನನ್ನ ಕಾಲು ತಾನಾಗಿ ನಿಂತಿತು. ಕೆನ್ನೆಯೊಳಗೆ ಬಿಸಿ ನೀರು ಹೊಯ್ದ ಹಾಗಾಯಿತು. ಗೆಳೆಯ ನನ್ನ ಮುಖ ನೋಡಿದ, ಹುಡುಗನ ಮುಖ ನೋಡಿದ, ಅರ್ಥ ಮಾಡಿಕೊಂಡ.

ಹುಡುಗನಿಗೆ ಚಿಪ್ಸ್ ಕೆಳಗಿಡುವಷ್ಟೂ ಪುರಸೊತ್ತು ಸಿಗಲಿಲ್ಲ. ಸೂಟ್‌ಕೇಸ್ ಎತ್ತಿ ಎತ್ತಿ ಗಟ್ಟಿಯಾದ ತೋಳು. ಮೊದಲ ಗುದ್ದಿಗೇ ತುಟಿ ಸೀಳಿತು. ಕುತ್ತಿಗೆ ಹಿಡಿದು ಬಸ್ ಸ್ಟಾಪಿನ ಗಾಜಿಗೆ ಒತ್ತಿ, ಒಂದೇ ಕಡೆಗೆ, ಬಾಯಿಯ ಮೇಲೆಯೇ, ಗುದ್ದುತ್ತಲೇ ಹೋದ. ಗಾಜಿನ ಮೇಲೆ ರಕ್ತ ಚಿಮ್ಮಿತು. ನಾನು ಅವನ ಎಡಗಡೆ ಇದ್ದೆ. "ಬಿಡೋ! ಸಾಕು, ಬಿಡೋ! ಸತ್ತೋಗ್ತಾನೆ!" ಅಂತ ಕಿರುಚಿದೆ. ಬಾಯಿಗೆ ಕನ್ನಡವೇ ಬಂದಿತ್ತು. ಕನ್ನಡವಾದರೂ ಒಂದೇ, ಇಂಗ್ಲಿಷಾದರೂ ಒಂದೇ, ಎಡಗಿವಿಗೆ ಏನೂ ಹೋಗುತ್ತಿರಲಿಲ್ಲ. ಸೊಂಟ ಹಿಡಿದು ಎಳೆದೆ, ಮೊಣಕೈಯಿಂದ ತಿವಿದು ನನ್ನನ್ನು ಬೀಳಿಸಿದ. ಸುತ್ತ ನಿಂತವರು ಫೋನ್ ಹಿಡಿದಿದ್ದರು.

ಕೊನೆಗೆ ತಾನಾಗೇ ನಿಲ್ಲಿಸಿದ. ಹುಡುಗ ಗಾಜಿಗೊರಗಿ ಹಾಗೇ ಜಾರಿ ಕೂತ. ಬಾಯಿಂದ ದಾರದ ಹಾಗೆ ರಕ್ತ ಇಳಿಯುತ್ತಿತ್ತು. ಮುಂದಿನ ಹಲ್ಲು ಚಿಪ್ಸ್ ನಡುವೆ ಬಿದ್ದಿತ್ತು. "ಮಮ್," ಅಂದ ಹುಡುಗ, ಚಿಕ್ಕ ಮಗುವಿನ ದನಿಯಲ್ಲಿ. ನನ್ನ ಗೆಳೆಯ ತನ್ನ ಸೊಟ್ಟ ಬೆರಳುಗಳನ್ನು ನೋಡಿಕೊಳ್ಳುತ್ತ ನಿಂತ. ಗಾರ್ಡಾ ಬಂದಾಗ ಕೈ ತಾನಾಗಿ ಮುಂದೆ ಚಾಚಿದ.

ಕೋರ್ಟಿನಲ್ಲಿ ತಪ್ಪು ಒಪ್ಪಿಕೊಂಡ. ನನ್ನ ಕೆನ್ನೆಯ ಕಥೆ ಹೇಳಬೇಡಿ ಅಂತ ತನ್ನ ವಕೀಲರಿಗೇ ತಾಕೀತು ಮಾಡಿದ್ದ, ಆದರೂ ಅವರು ಜಡ್ಜಿಗೆ ಹೇಳಿದರು. ಜೈಲು ಶಿಕ್ಷೆ ಆಯಿತು, ಆದರೆ ಮತ್ತೆ ಕೈ ಎತ್ತದಿದ್ದರೆ ಒಳಗೆ ಹೋಗಬೇಕಿಲ್ಲ ಅಂತ ತೀರ್ಪು. ವಿಮಾನ ನಿಲ್ದಾಣದ ಕೆಲಸ ಹೋಯಿತು. ಹುಡುಗನ ಮೇಲಿನ ಕೇಸು ಬೇರೆ ಕಡೆ ನಡೆಯಿತು, ಅವನೂ ಅಲ್ಲಿ ಒಪ್ಪಿಕೊಂಡನಂತೆ.

ಆ ದಿನದ್ದು ನನಗೆ ನೆನಪಿರುವುದು ತೀರ್ಪಲ್ಲ, ಕೋರ್ಟ್ ಕೋಣೆಯ ಹೊರಗಿನ ಪಡಸಾಲೆ. ಬೆಂಚಿನ ಮೇಲೆ ಹುಡುಗ, ಪಕ್ಕದಲ್ಲಿ ಅವನ ತಾಯಿ, ಸೂಪರ್ ಮಾರ್ಕೆಟ್ಟಿನ ಯೂನಿಫಾರಂ ಮೇಲೆ ಕೋಟು ಹಾಕಿಕೊಂಡಿದ್ದ ಸಣಕಲು ಹೆಂಗಸು. ಆಂಟಿ ನೆಟ್ಟಗೆ ಅವರ ಹತ್ತಿರ ಹೋದರು. ಹುಡುಗನ ಗದ್ದ ಹಿಡಿದು ಎತ್ತಿ, ಹಲ್ಲಿಲ್ಲದ ಜಾಗವನ್ನು ಬಗ್ಗಿ ನೋಡಿದರು. ಹುಡುಗ ಯಾಕೋ ಬಾಯಿ ತೆರೆದು ತೋರಿಸಿದ. ಅವನ ತಾಯಿ ಆಂಟಿಯ ಕೈಗೆ ಫಟ್ ಅಂತ ಹೊಡೆದಳು. "ಮುಟ್ಟಬೇಡ ನನ್ನ ಮಗನ್ನ!"

ಆಂಟಿ ಕೈ ಹಿಂದಕ್ಕೆ ತೆಗೆದುಕೊಂಡರು. "ಸರಿ," ಅಂದರು. "ನಾನಾಗಿದ್ದರೂ ಹೊಡೀತಿದ್ದೆ."

ಬಸ್ ಸ್ಟಾಪಿನ ವಿಡಿಯೋ ಎಲ್ಲರ ಫೋನಿಗೂ ಹೋಗಿತ್ತು. ಡಬ್ಲಿನ್ನಿನ ಇನ್ನೊಂದು ಬದಿಯ ಆಡಮ್ಸ್‌ಟೌನಿನಲ್ಲಿ ನಮ್ಮ ಕನ್ನಡದವರೊಬ್ಬರ ಮಗುವಿನ ಬರ್ತ್‌ಡೇ. ಬಿಸಿಬೇಳೆಬಾತ್ ತಟ್ಟೆ ಹಿಡಿದು ಎಲ್ಲ ನನ್ನ ಸುತ್ತ ನಿಂತರು. ಭಾರತೀಯರ ಮೇಲೆ ಹಲ್ಲೆ ಹೆಚ್ಚಿದ್ದ ಆ ತಿಂಗಳುಗಳಲ್ಲಿ ನಮ್ಮವರು ಒಬ್ಬೊಬ್ಬರೇ ನಡೆಯಲು ಹೆದರುತ್ತಿದ್ದರು. ಆ ಹೆದರಿಕೆ ನನಗೂ ಇತ್ತು, ಈಗಲೂ ಇದೆ.

"ಸಖತ್ತಾಗಿ ಇಕ್ಕಿದ ಗುರು ನಿನ್ನ ಫ್ರೆಂಡು," ಅಂದ ಒಬ್ಬ. "ನಮ್ಮೋರಿಗೆ ಅಂಥೋನು ಒಬ್ಬ ಬೇಕಾಗಿತ್ತು."

"ಹುಡುಗನ ಹಲ್ಲು ಚಿಪ್ಸ್ ಒಳಗೆ ಬಿದ್ದಿತ್ತು ಕಣೋ," ಅಂದೆ.

"ನಿನ್ನ ಮೂಳೆ?" ಅಂದ ಅವನು. ಕೆನ್ನೆ ನೋಯುತ್ತಿತ್ತು, ಬಾತು ಅಗಿಯಲಾಗದೆ ಹಾಗೇ ನುಂಗಿದೆ.

ಗೆಳೆಯನ ಮುಂದಿನ ಕಾರ್ಯಕ್ರಮಕ್ಕೆ ಹಾಲ್ ತುಂಬಿತು. ಅವನ ಹಾಡು ಕೇಳದವರೆಲ್ಲ ಬಂದಿದ್ದರು. ಬೋಸ್ನಿಯಾದವರು ಒಂದು ಕಡೆ, ಆಡಮ್ಸ್‌ಟೌನಿನ ನಮ್ಮವರು ಇನ್ನೊಂದು ಕಡೆ, ಮುಂದುಗಡೆ ನನಗೆ ಗುರುತಿಲ್ಲದ ಇಲ್ಲಿನ ಗಂಡಸರ ಗುಂಪು, ವಿಡಿಯೋ ನೋಡಿ ಲೆಕ್ಕ ಚುಕ್ತಾ ಮಾಡಲು ಬಂದವರು. ಆಂಟಿ ಗೋಡೆಯ ಪಕ್ಕದ ಕುರ್ಚಿಯಲ್ಲಿ, ತೊಡೆಯ ಮೇಲೆ ಕೈಚೀಲ ಇಟ್ಟುಕೊಂಡು ಕೂತಿದ್ದರು. ಅವನು ಸ್ಟೇಜಿಗೆ ಬಂದಾಗ ಬಿದ್ದ ಚಪ್ಪಾಳೆಗೆ ಕಿಟಕಿ ಅದುರಿತು. ಯಾರೋ "ಹಲ್ಲು! ಹಲ್ಲು!" ಅಂತ ಕೂಗಿ ನಕ್ಕರು.

ಅವನು ಹೊಸ ಹಾಡು ಎತ್ತಿಕೊಂಡ, ಇಂಗ್ಲಿಷಿನಲ್ಲಿ. ಬಾಗಿಲ ಸಂದಿಯಲ್ಲಿ ಬೆರಳು ಮುರಿದ ಸದ್ದೂ ಗಾಜಿನ ಮುಂದೆ ಹಲ್ಲು ಮುರಿದ ಸದ್ದೂ ಒಂದೇ, ನಾನು ಎರಡನ್ನೂ ಕೇಳಿದ್ದೇನೆ, ಎರಡನೆಯದು ನನಗೆ ರುಚಿಸಿತು, ಅನ್ನುವಂಥ ಸಾಲುಗಳು. ಅವನು ಅಮ್ಮಾ ಅಂದ, ನನಗೆ ಇನ್ನೊಂದು ಕೊಡೋಣ ಅನ್ನಿಸಿತು, ಅಂತಲೂ ಹಾಡಿದ. ಹಾಲ್ ನಿಧಾನಕ್ಕೆ ತಣ್ಣಗಾಯಿತು. ಹೊಗಳಿಕೆ ಕೇಳಲು ಬಂದವರಿಗೆ ಇದು ಬೇಕಿರಲಿಲ್ಲ, ಜಗಳಕ್ಕೆ ಬಂದವರಿಗೆ ನೆಪ ಸಿಕ್ಕಿತು. ಮುಂದಿನ ಗುಂಪಿನಿಂದ ಬಾಟಲಿ ಹಾರಿ ಅವನ ಹಣೆಗೆ ಬಡಿದು ಒಡೆಯಿತು. ಬೋಸ್ನಿಯಾದ ಹುಡುಗರು ಅವರ ಮೇಲೆ ಬಿದ್ದರು. ಕುರ್ಚಿಗಳು ಮೇಲೆದ್ದವು. ಒಬ್ಬನ ತಲೆ ಸ್ಟೇಜಿನ ಅಂಚಿಗೆ ಬಡಿದದ್ದು ನೋಡಿದೆ. ಇನ್ನೊಬ್ಬ ಅವನ ಎದೆಯ ಮೇಲೆ ಕೂತು ಬೆಲ್ಟ್ ಕೈಗೆ ಸುತ್ತಿಕೊಳ್ಳುತ್ತಿದ್ದ. ನಮ್ಮವರು ಪಕ್ಕದ ಬಾಗಿಲಿಂದ ಓಡುತ್ತಿದ್ದರು. ಸಖತ್ತಾಗಿ ಇಕ್ಕಿದ ಅಂದಿದ್ದವನು ನನ್ನ ಶರ್ಟ್ ಹಿಡಿದೆಳೆದು, "ಬಾರೋ, ಆಫ್ ಮಾಡೋ ಅದನ್ನ!" ಅಂದ.

ನನ್ನ ಬೆರಳು ಮೈಕಿನ ಗುಂಡಿಯ ಮೇಲೇ ಇತ್ತು. ಅಪ್ಪನ ಮಾತೂ ನೆನಪಿತ್ತು. ಸ್ಟೇಜಿನ ಮೇಲೆ ಅವನು ಒಂದು ಕಣ್ಣಿಗೆ ರಕ್ತ ತುಂಬಿಕೊಂಡು, ಕೆಳಗೆ ನಡೆಯುತ್ತಿದ್ದದ್ದನ್ನು ನೋಡುತ್ತ, ಒಂದೂ ಪದ ಬಿಡದೆ ಹಾಡುತ್ತಿದ್ದ. ಯಾರ ಮೇಲೂ ಕೈ ಎತ್ತಲಿಲ್ಲ. ನಾನು ಆಫ್ ಮಾಡಲಿಲ್ಲ. ಯಾರೋ ಅವನ ಬಲಗಡೆಯ ಸ್ಪೀಕರನ್ನು ಒದ್ದು ಉರುಳಿಸಿದರು. ಆಮೇಲೆ ತಾಳ ತಪ್ಪಿತು, ದನಿ ಎಲ್ಲೆಲ್ಲೋ ಹೋಯಿತು, ಆದರೂ ಹಾಡು ಮುಗಿಸಿದ. ಹೊರಗೆ ಸೈರನ್ ಕೇಳಿಸುವ ಹೊತ್ತಿಗೆ ಹಾಲ್ ಅರ್ಧ ಖಾಲಿಯಾಗಿತ್ತು.

ಆಂಟಿ ಕೂತ ಕುರ್ಚಿಯಿಂದ ಎದ್ದಿರಲಿಲ್ಲ. ಮಗನನ್ನು ಎದುರಿಗೆ ಕೂರಿಸಿಕೊಂಡು, ಕೈಚೀಲದಿಂದ ಹುಬ್ಬು ಕೀಳುವ ಚಿಮಟ ತೆಗೆದು, ಹಣೆಯಲ್ಲಿ ಸಿಕ್ಕಿದ್ದ ಗಾಜಿನ ಚೂರುಗಳನ್ನು ಒಂದೊಂದಾಗಿ ಕಿತ್ತರು. ನನಗೆ ದೀಪ ಹಿಡಿಯಲು ಹೇಳಿದರು. ಫೋನಿನ ಟಾರ್ಚ್ ಹಿಡಿದೆ.

"ಆಫ್ ಮಾಡ್ತೀಯ ಅಂತ ಅಂದ್ಕೊಂಡಿದ್ದೆ," ಅಂದ ಅವನು.

"ಮಾಡಬೇಕಿತ್ತಾ?"

"ಗೊತ್ತಿಲ್ಲ ಕಣೋ."

ಆ ಸಂಜೆಯ ರೆಕಾರ್ಡಿಂಗ್ ನನ್ನ ಹತ್ತಿರ ಇತ್ತು. ಕುರ್ಚಿ ಮುರಿಯುವುದು, ಗಾಜು, ಬೈಗುಳ, ಎಲ್ಲ ಸೇರಿಯೇ ಇಂಟರ್ನೆಟ್ಟಿಗೆ ಹಾಕು ಅಂದ, ಹಾಕಿದೆ. ಇಲ್ಲಿ ಯಾರೂ ಕೇಳಲಿಲ್ಲ. ಅವನ ದೇಶದಲ್ಲಿ ಕೇಳಿದರು. ಹಳೆಯ ಅಭಿಮಾನಿಗಳು ಈಗ ಮಕ್ಕಳೊಂದಿಗರು. ಅವನ ಸ್ವಂತ ಊರಿನ ಶಾಲೆಯ ಸಭಾಂಗಣದಲ್ಲಿ ಹಾಡಲು ಕರೆ ಬಂತು. ಬೆರಳು ಮುರಿಸಿಕೊಂಡ ಮೇಲೆ ಅವನು ಆ ಊರಿಗೆ ಕಾಲಿಟ್ಟಿರಲಿಲ್ಲ. ಆಂಟಿಯಂತೂ ಯುದ್ಧದ ನಂತರ ಒಮ್ಮೆಯೂ ಹೋಗಿರಲಿಲ್ಲ. ಆ ಹೊತ್ತಿಗೆ ಅವನು ಟೈರ್ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದ್ದ, ರಜ ಕೇಳಿ ಇಬ್ಬರೂ ಹೊರಟರು. ನನ್ನನ್ನೂ ಕರೆದ. ಕೆನ್ನೆಗೆ ಇನ್ನೊಂದು ಆಪರೇಷನ್ ಇತ್ತು, ಹೋಗಲಾಗಲಿಲ್ಲ.

ಹಾಡಿದ ಮರುದಿನ ಅಲ್ಲಿಂದ ಫೋನ್ ಮಾಡಿದ.

"ಬಂಕಿನವನು ಸತ್ತಿದ್ದಾನೆ. ಹೋದ ಚಳಿಗಾಲದಲ್ಲಿ. ಹಾಸಿಗೆ ಮೇಲೆ, ನಿದ್ದೇಲಿ. ಬ್ಯಾಂಡ್ ಬಾರಿಸಿಕೊಂಡು ಹೂತರಂತೆ."

"ನಿಂಗೆ ಹೇಗನ್ನಿಸ್ತು?" ಅಂದೆ.

"ಸಿಟ್ಟು ಬಂತು. ಇಷ್ಟು ವರ್ಷ ಅವನ ಮುಖ ನೆನೆಸಿಕೊಂಡೇ ಹಾಡಿದ್ದೀನಿ. ನಿನ್ನೆ ಅವನ ಮಗ ಬಂದಿದ್ದ. ಹಿಂದೆ ಗೋಡೆಗೆ ಒರಗಿ ನಿಂತಿದ್ದ. ಹೊಡೆಯೋಕೆ ಬರ್ತಾನೆ ಅಂತ ಕೊನೇವರೆಗೂ ಮುಷ್ಟಿ ಬಿಗಿ ಹಿಡಿದೇ ಹಾಡಿದೆ. ಬರಲಿಲ್ಲ. ಮುಗಿದ ಮೇಲೆ ಜಾಕೆಟ್ ಹಾಕಿಕೊಂಡು ಹೊರಟುಹೋದ."

ಊರಿಂದ ವಾಪಸಾಗುವಾಗ ಕಾರಿಗೆ ಪೆಟ್ರೋಲ್ ಬೇಕಾಯಿತಂತೆ. ಹತ್ತಿರ ಇದ್ದದ್ದು ಅದೇ ಬಂಕ್, ಇನ್ನೊಂದು ದೂರ. ಬೇಡ, ತಳ್ಳಿಕೊಂಡು ಹೋಗ್ತೀನಿ ಅಂದನಂತೆ ಇವನು. ಆಂಟಿ ಕೇಳಲಿಲ್ಲ. ತಾವೇ ಇಳಿದು ಹೋಗಿ, ಕೌಂಟರಿನಲ್ಲಿದ್ದ ಬಂಕಿನವನ ಮಗನ ಹತ್ತಿರ ಟಾಯ್ಲೆಟ್ಟಿನ ಬೀಗದ ಕೈ ಕೇಳಿದರು. ಅವನು ಎದ್ದು ನಿಂತು ಕೊಟ್ಟ. ಆಂಟಿ ಬಹಳ ಹೊತ್ತು ಹೊರಗೆ ಬರಲಿಲ್ಲ. ಇವನು ಬಾಗಿಲ ಹತ್ತಿರ ಹೋದಾಗ ಒಳಗೆ ಅವರು ಕಿರುಚುತ್ತಿದ್ದರು, ನಲ್ಲಿ ಪೂರ್ತಿ ಬಿಟ್ಟುಕೊಂಡು.

"ನಾನು ಬಾಗಿಲು ಬಡೀಲಿಲ್ಲ," ಅಂದ. "ಅವನ ಮಗನೂ ಕೌಂಟರಲ್ಲೇ ನಿಂತು ಕೇಳಿಸಿಕೊಂಡ. ಇಬ್ಬರೂ ಕೇಳಿಸಿಕೊಂಡ್ವಿ."

ಆಮೇಲೆ ಆಂಟಿ ಮುಖ ತೊಳೆದುಕೊಂಡು ಬಂದು, ಬೀಗದ ಕೈ ಹಿಂದಿರುಗಿಸಿ, ಕಾರಿನಲ್ಲಿ ಕೂತು, ಹಸಿವಾಗ್ತಿದೆ ಅಂದರಂತೆ.